ರಂಗೋಲಿ ಮತ್ತು ರೋಬೋ

ಮುಂಬಯಿಯ ಮುಲುಂಡಿನ ನಮ್ಮ ಮನೆಗೆ ಕಸ ಗುಡಿಸುವ ರೋಬೋ ಬಂದು ಮೂರು ತಿಂಗಳಾಯಿತು. ಲೇಸರ್ ಕಿರಣದಿಂದ ಕೋಣೆಯ ನಕ್ಷೆ ಬರೆದುಕೊಂಡು, ಸೋಫಾದ ಅಡಿಗೂ ನುಗ್ಗಿ, ಬ್ಯಾಟರಿ ಇಳಿದಾಗ ತಾನೇ ಹೋಗಿ ಚಾರ್ಜಿಂಗಿಗೆ ನಿಲ್ಲುವ ಅದರಿಂದ, ಮಂಡಿನೋವಿನ ಅಮ್ಮನಿಗೆ ನಿಜಕ್ಕೂ ದೊಡ್ಡ ಉಪಕಾರವಾಗಿದೆ. ಆದರೆ ನಿನ್ನೆ ಅವರು ಕಷ್ಟಪಟ್ಟು ಕುಳಿತು ದೇವರ ಮುಂದೆ ಬಿಡಿಸಿದ್ದ ಏಳು ಚುಕ್ಕಿಯ ರಂಗೋಲಿಯನ್ನು ಅದು ಎರಡೇ ಸುತ್ತಿನಲ್ಲಿ ಹೀರಿಕೊಂಡಿತು. ಅದಕ್ಕೆ ಅದು ಬರೀ ಬಿಳಿಯ ಪುಡಿ.

ಬುದ್ಧಿಪರೀಕ್ಷೆಯಲ್ಲಿ ಕಂಪ್ಯೂಟರನ್ನು ದೊಡ್ಡವರ ಮಟ್ಟಕ್ಕೆ ತರುವುದು ಸುಲಭ, ಒಂದು ವರ್ಷದ ಮಗುವಿನಂತೆ ನೋಡಿ ನಡೆದಾಡುವುದನ್ನು ಕಲಿಸುವುದೇ ಕಷ್ಟ ಎಂದು ರೋಬೋ ವಿಜ್ಞಾನಿ ಹ್ಯಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದರು. ಡೀಪ್ ಬ್ಲೂ ಎಂಬ ಕಂಪ್ಯೂಟರ್ 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಚದುರಂಗದಲ್ಲಿ ಸೋಲಿಸಿತು. ಒಣಗಿದ ಸೀರೆಯನ್ನು ನೆರಿಗೆ ಸರಿಮಾಡಿ ಮಡಚಿಡುವ ಯಂತ್ರವನ್ನು ನಾನಿನ್ನೂ ಯಾರ ಮನೆಯಲ್ಲೂ ಕಂಡಿಲ್ಲ. ಮುಂದೆ ಅದೂ ಬರಬಹುದು, ವಯಸ್ಸಾದವರನ್ನು ಹಾಸಿಗೆಯಿಂದ ಎಬ್ಬಿಸುವ ಯಂತ್ರವೂ ಬರಲಿ ಎಂಬುದೇ ನನ್ನ ಆಸೆ. ಹಿಂದೆ ಕಸ ಗುಡಿಸಲು ಬರುತ್ತಿದ್ದ ಮನೆಗೆಲಸದ ಮಹಿಳೆ ಮಾತ್ರ, ಯಾರೂ ಹೇಳಿಕೊಡದಿದ್ದರೂ, ಚುಕ್ಕಿಗಳನ್ನು ಬಿಟ್ಟು ಸುತ್ತಲೂ ಪೊರಕೆ ಆಡಿಸುತ್ತಿದ್ದರು.

ಇಂದು ಮೊಬೈಲಿನ ನಕ್ಷೆಯಲ್ಲಿ ದೇವರ ಮುಂದಿನ ಎರಡಡಿ ಜಾಗಕ್ಕೆ ಗೆರೆ ಎಳೆದು, ರೋಬೋ ಅಲ್ಲಿಗೆ ಹೋಗದಂತೆ ಮಾಡಿದ್ದೇನೆ. ಅಮ್ಮ ಮತ್ತೆ ಚುಕ್ಕಿ ಇಡುತ್ತಿದ್ದಾರೆ.