ಸುಣ್ಣ ಬಳಿದ ಕೋಟೆ

ಮ್ಯಾಂಚೆಸ್ಟರಿನ ಮಗನ ಮನೆಯಿಂದ ಕಾನ್ವಿಗೆ ಕಾರಿನಲ್ಲಿ ಒಂದೂವರೆ ಗಂಟೆ. ವೇಲ್ಸಿನ ಸಮುದ್ರದ ಅಂಚಿನ ಪುಟ್ಟ ಊರು. ಸೇತುವೆ ದಾಟುವಾಗಲೇ ಎದುರಿಗೆ ಕೋಟೆ. ಎಂಟು ದುಂಡು ಗೋಪುರ, ಎಲ್ಲಾ ಬೂದು ಬಣ್ಣ. ಜೊತೆಗೆ ಜಿಟಿಜಿಟಿ ಮಳೆ.

ಒಳಗೆ ಹೋದರೆ ಮೇಲೆ ಬರೀ ಆಕಾಶ. ಗೋಡೆಯ ಅರ್ಧ ಎತ್ತರದಲ್ಲಿ ಒಂದು ಒಲೆಗೂಡು ಸುಮ್ನೆ ನೇತಾಡುತ್ತಿತ್ತು.

"ಅಷ್ಟೆತ್ತರದಲ್ಲಿ ಯಾರೋ ಬೆಂಕಿ ಕಾಯಿಸ್ಕೋತಿದ್ದಿದ್ದು?" ಅಂದೆ.

"ಅಲ್ಲಿ ಮರದ ಮಹಡಿ ಇತ್ತಮ್ಮ," ಅಂದ ಮಗ.

1665ರಲ್ಲಿ ಕೋಟೆಯ ಮಾಲೀಕರೇ ಚಾವಣಿಗೆ ಹೊದಿಸಿದ್ದ ಸೀಸ, ಇಲ್ಲಿನ ಕಬ್ಬಿಣ ಎಲ್ಲ ಕಿತ್ತುಕೊಂಡರಂತೆ. ಆಮೇಲೆ ಮಳೆಗೆ ಯಾವ ಮರ ತಾನೇ ಉಳಿದೀತು?

ಹೊರಗೋಡೆಯ ಸಂದಿನಲ್ಲಿ ಬಿಳಿ ಪದರವೊಂದು ಕಾಣಿಸಿತು. ಸುಣ್ಣ! ಹಬ್ಬಕ್ಕೆ ಮುಂಚೆ ನಮ್ಮಜ್ಜಿ ಗೋಡೆಗೆ ಬಳಿಯುತ್ತಿದ್ದರಲ್ಲ, ಅದೇ. ಆಗ ಇಡೀ ಕೋಟೆ ಬೆಳ್ಳಗಿತ್ತು ಅನ್ನೋದು ಓದಿ ನನಗೆ ದಿಗಿಲಾಯಿತು. ದೋಣಿಯಲ್ಲಿ ಬರುವವನಿಗೆ ಅದು ಹೇಗೆ ಕಂಡಿರಬೇಡ!

ಹಾಗೆ ಕಾಣಲಿ ಅಂತಲೇ ಇರಬೇಕು. ವೇಲ್ಸನ್ನು ಗೆದ್ದ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಇದನ್ನು ಕಟ್ಟಿಸಿದ್ದು 1283ರಿಂದ 1287ರೊಳಗೆ. ಖರ್ಚು ಸುಮಾರು 15,000 ಪೌಂಡ್, ಊರಿನ ಸುತ್ತಲ ಗೋಡೆಯೂ ಸೇರಿ. ಅದಕ್ಕೆ ಜಾಗ ಬೇಕಲ್ಲ? ವೇಲ್ಸಿನ ದೊರೆ ಲೆವೆಲಿನ್‌ನ ಸಮಾಧಿ ಇದ್ದ ಮಠವನ್ನೇ ಅಲ್ಲಿಂದ ಎಬ್ಬಿಸಿದ. ಗೋಡೆಯೊಳಗಿನ ಊರಿಗೆ ಇಂಗ್ಲೆಂಡಿನವರನ್ನು ತಂದು ಕೂರಿಸಿದ. ಸ್ವಂತ ನೆಲದಲ್ಲೇ ಅಲ್ಲಿನವರು ಹೊರಗಿನವರು. ನನಗಂತೂ ಸಿಟ್ಟು ಬಂತು.

ಹನ್ನೊಂದು ವರ್ಷಕ್ಕೇ ವೇಲ್ಸಿನವರು ದಂಗೆ ಎದ್ದರು. 1294-95ರ ಚಳಿಗಾಲದಲ್ಲಿ ರಾಜನೇ ಇದೇ ಕೋಟೆಯೊಳಗೆ ಸಿಕ್ಕಿಬಿದ್ದ. ಊಟಕ್ಕೂ ತತ್ವಾರ. 1401ರದ್ದು ಇನ್ನೂ ಮಜಾ. ಗುಡ್ ಫ್ರೈಡೇ ದಿನ ಕಾವಲಿನವರು ಚರ್ಚಿಗೆ ಹೋಗಿದ್ದಾಗ ವೇಲ್ಸಿನ ಟ್ಯೂಡರ್ ಮನೆತನದ ಅಣ್ಣತಮ್ಮಂದಿರು ಕೋಟೆ ಹಿಡಿದುಬಿಟ್ಟರು. ಬಡಗಿ ವೇಷದಲ್ಲಿ ನುಗ್ಗಿದರು ಅಂತ ಕಥೆ. ಇಷ್ಟು ದಪ್ಪ ಗೋಡೆ ಕಟ್ಟಿ ಏನು ಬಂತು?

ಗೋಪುರದ ಸುತ್ತುಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಮಂಡಿ ಹೋಯಿತು. ಮೇಲೆ ಕಡಲಹಕ್ಕಿಯೊಂದು ಮಗನ ಕೈಯ ಸ್ಯಾಂಡ್‌ವಿಚ್ ಎಗರಿಸಿತು. ಈಗಿನ ಕಾವಲಿನವರು ಅವೇ, ಬಹಳ ಚುರುಕು.

ಇಳಿಯುವಾಗ ಬೋರ್ಡುಗಳನ್ನು ಗಮನಿಸಿದೆ. ಮೊದಲು ವೆಲ್ಶ್, ಕೆಳಗೆ ಇಂಗ್ಲಿಷ್. ಬೆಂಗಳೂರಿನ ಬೋರ್ಡ್ ಜಗಳ ನೆನಪಾಯಿತು. ಟಿಕೆಟ್ ಕೌಂಟರಿನ ಹುಡುಗಿ ಮುಂದಿನವರ ಜೊತೆ ಅದೇ ಭಾಷೆಯಲ್ಲಿ ಹರಟುತ್ತಿದ್ದಳು. ಥ್ಯಾಂಕ್ಸಿಗೆ 'ದಿಯೋಲ್ಖ್' ಅನ್ನಬೇಕು ಅಂತ ಮಗ ಹೇಳಿಕೊಟ್ಟ. ಅಂದೆ. ಅವಳು ನಕ್ಕು, "ಇನ್ನೊಂದು ಸಲ, ಗಂಟಲಿಂದ," ಅಂದಳು.