ರೀಚಾರ್ಜ್ ಸೆಲ್ ಬೇಗ ಕೆಡುವುದು ಚಾರ್ಜರಿನಿಂದಲೇ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರೀಚಾರ್ಜ್ ಸೆಲ್ ಕೊಳ್ಳುವವರು ಮೊದಲು ನೋಡುವುದು ಮೇಲೆ ಅಚ್ಚಾದ ಎಂಎಎಚ್ ಸಂಖ್ಯೆಯನ್ನು, ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕವನ್ನು. ಎಎ ಅಳತೆಯ ಮಾಮೂಲಿ ರೀಚಾರ್ಜ್ ಸೆಲ್‌ನಲ್ಲಿ (ನಿಕಲ್ ಮೆಟಲ್ ಹೈಡ್ರೈಡ್) ನಿಜಕ್ಕೂ ಹಿಡಿಸುವುದು 1900ರಿಂದ 2600ರ ಆಸುಪಾಸು ಅಷ್ಟೇ. 4000 ಎಂದು ಬರೆದಿದ್ದರೆ ಅದು ಸುಳ್ಳು, ಅದನ್ನು ಅಲ್ಲೇ ಬಿಟ್ಟು ಬನ್ನಿ.

ಮನೆಗೆ 2000ದ್ದೇ ಸಾಕು. ಇನ್ನೂ ಹೆಚ್ಚು ತುಂಬಿಸಬೇಕೆಂದರೆ ಅದೇ ಡಬ್ಬಿಯೊಳಗೆ ಜಾಗ ಹೊಂದಿಸಬೇಕು, ಆಯುಸ್ಸು ಅಲ್ಲಿ ತಗ್ಗುತ್ತದೆ. ಎನೆಲೂಪ್ ಬ್ರಾಂಡಿನ ಮಾಮೂಲಿ ಸೆಲ್‌ಗೆ ಕಂಪನಿ ಹೇಳುವುದು 2100 ಸಲ ಚಾರ್ಜ್, ಅದರದೇ ದೊಡ್ಡ ಸಾಮರ್ಥ್ಯದ ಸೆಲ್‌ಗೆ 500 ಮಾತ್ರ. ಪ್ರಯೋಗಾಲಯದ ಲೆಕ್ಕ ಮನೆಯಲ್ಲಿ ಬರುವುದಿಲ್ಲ, ಆದರೆ ಅಂತರ ಗಮನಿಸಿ. ಕವರಿನ ಮೇಲೆ 'ಲೋ ಸೆಲ್ಫ್ ಡಿಸ್ಚಾರ್ಜ್' ಅಥವಾ 'ರೆಡಿ ಟು ಯೂಸ್' ಇದೆಯೇ ನೋಡಿಕೊಳ್ಳಿ. 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ಈ ಬಗೆಯದನ್ನು ತರುವ ಮೊದಲು, ಸುಮ್ಮನೆ ಡ್ರಾಯರಿನಲ್ಲಿಟ್ಟ ಸೆಲ್ ಕೆಲವೇ ತಿಂಗಳಲ್ಲಿ ತಾನಾಗಿ ಖಾಲಿಯಾಗುತ್ತಿತ್ತು.

ಇನ್ನು ಚಾರ್ಜರ್. ಸೆಲ್ ಜೊತೆ ಅಗ್ಗಕ್ಕೆ ಬರುವ ಚಾರ್ಜರ್‌ಗಳಲ್ಲಿ ಹಲವಕ್ಕೆ ಸೆಲ್ ತುಂಬಿದ್ದು ತಿಳಿಯುವುದೇ ಇಲ್ಲ. ಕೆಲವಕ್ಕೆ ಟೈಮರ್ ಇರುತ್ತದೆ, ಆದರೆ ನಮ್ಮ ಊರಿನಲ್ಲಿ ಮಳೆ ಬಂದ ಸಂಜೆ ಕರೆಂಟ್ ನಾಲ್ಕು ಸಲ ಹೋಗಿ ಬಂದರೆ, ಟೈಮರ್ ನಾಲ್ಕು ಸಲವೂ ಸೊನ್ನೆಯಿಂದ ಶುರು. ತುಂಬಿದ ಸೆಲ್‌ಗೆ ಮತ್ತೆ ಮತ್ತೆ ಕರೆಂಟ್ ಹೋಗಿ ಅದು ಬಿಸಿಯಾಗುತ್ತದೆ, ಒಳಗಿನ ದ್ರವ ಆರುತ್ತದೆ. ಇನ್ನೊಂದು ತೊಂದರೆ, ಇಂಥವು ಎರಡೆರಡು ಸೆಲ್ ಜೋಡಿಸಿ ಚಾರ್ಜ್ ಮಾಡುತ್ತವೆ. ಒಂದು ಅರ್ಧ, ಒಂದು ಪೂರ್ತಿ ಖಾಲಿ ಇದ್ದರೆ ಮೊದಲನೆಯದು ಬೇಯುತ್ತದೆ.

ಪ್ರತಿ ಸೆಲ್‌ಗೂ ಬೇರೆ ದೀಪ ಅಥವಾ ಬೇರೆ ರೀಡಿಂಗ್ ತೋರಿಸುವ ಸ್ಮಾರ್ಟ್ ಚಾರ್ಜರ್ ಕೊಳ್ಳಿ. ಸೆಲ್ ತುಂಬಿದಾಗ ಅದರ ವೋಲ್ಟೇಜ್ ಕೆಲವೇ ಮಿಲಿವೋಲ್ಟ್ ಇಳಿಯುತ್ತದೆ, ಅದನ್ನು ಹಿಡಿದೇ ಇವು ನಿಲ್ಲಿಸುತ್ತವೆ. ತೀರಾ ಕಡಿಮೆ ಕರೆಂಟ್ ಇಟ್ಟರೆ ಆ ಇಳಿತ ಕಾಣದೇ ಹೋಗಬಹುದು. 2000ದ ಎಎಗೆ 700ರಿಂದ 1000 ಮಿಲಿಆಂಪ್, 800ರ ಎಎಎಗೆ 300ರಿಂದ 400 ಸರಿ. ಮುಗಿಯುವ ಹೊತ್ತಿಗೆ ಉಗುರುಬೆಚ್ಚಗಿದ್ದರೆ ಹೆದರಬೇಡಿ, ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ತೆಗೆಯಿರಿ.

ಬಿಪಿ ಮಷಿನ್, ಆಟಿಕೆಗಳಲ್ಲಿ ಸೆಲ್‌ಗಳು ಸಾಲಾಗಿ ಕೂರುತ್ತವೆ. ನಾಲ್ಕರಲ್ಲಿ ಒಂದು ಬಡಕಲಾದರೆ ಅದು ಮೊದಲು ಖಾಲಿಯಾಗುತ್ತದೆ, ಉಳಿದ ಮೂರು ಅದರೊಳಗೆ ಕರೆಂಟ್ ತಳ್ಳುತ್ತಲೇ ಇದ್ದು ಅದನ್ನು ಉಲ್ಟಾ ಚಾರ್ಜ್ ಮಾಡುತ್ತವೆ. ಆ ಸೆಲ್ ಮತ್ತೆ ಮೊದಲಿನಂತಾಗುವುದಿಲ್ಲ. ಹಾಗಾಗಿ ಒಟ್ಟಿಗೆ ಕೊಂಡ ನಾಲ್ಕಕ್ಕೂ ಮಾರ್ಕರಿನಲ್ಲಿ 'ಅ', ಮುಂದಿನ ಸೆಟ್ಟಿಗೆ 'ಆ' ಎಂದು ಬರೆದು, ಒಟ್ಟಿಗೇ ಬಳಸಿ, ಒಟ್ಟಿಗೇ ಚಾರ್ಜಿಗೆ ಹಾಕಿ. ಆಟಿಕೆ ನಿಧಾನವಾದ ಕೂಡಲೇ ಸೆಲ್ ತೆಗೆಯಿರಿ, ಪೂರ್ತಿ ನಿಲ್ಲುವ ತನಕ ಕಾಯಬೇಡಿ.

ಗೋಡೆ ಗಡಿಯಾರಕ್ಕೆ ಇವು ದಂಡ, ಮಾಮೂಲಿ ಸೆಲ್ ವರ್ಷ ಓಡಿಸುತ್ತದೆ. ಡಿಜಿಟಲ್ ಬಾಗಿಲು ಬೀಗಕ್ಕೂ ರೀಚಾರ್ಜ್ ಆಗದ ಆಲ್ಕಲೈನ್ ಸೆಲ್ ಹಾಕಿ: ಅದರ ಎಚ್ಚರಿಕೆ ದೀಪ 1.5 ವೋಲ್ಟಿನ ಸೆಲ್‌ಗೆ ಹೊಂದಿಸಿದ್ದು, 1.2 ವೋಲ್ಟಿನ ರೀಚಾರ್ಜ್ ಸೆಲ್ ಹಾಕಿದರೆ ಅದರ ಲೆಕ್ಕ ತಪ್ಪುತ್ತದೆ.

ಸೆಲ್ ಮುದಿಯಾಗಿದೆಯೇ ಎಂದು ಮಲ್ಟಿಮೀಟರಿನ ವೋಲ್ಟೇಜ್ ನೋಡಿ ಹೇಳಲಾಗದು. ಖಾಲಿ ಸೆಲ್ ಇಪ್ಪತ್ತೇ ನಿಮಿಷದಲ್ಲಿ 'ಫುಲ್' ತೋರಿಸಿ, ಬಿಪಿ ಮಷಿನ್ ಪಟ್ಟಿಗೆ ಗಾಳಿ ತುಂಬುವಾಗ ಅರ್ಧಕ್ಕೇ ನಿಂತರೆ, ಅದರ ಕಾಲ ಮುಗಿಯಿತು. ಅದನ್ನು ಒಣ ಕಸಕ್ಕೆ ಬೆರೆಸದೆ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.