ಸಾಲಾರ್ ಜಂಗ್ ಮ್ಯೂಸಿಯಂ ಮತ್ತ ನಮ್ಮ ಕೊಪ್ಪಳದ ಕಂದಾಯ

ಹೈದರಾಬಾದಿಗೆ ಹೋದೋರು ಚಾರ್ಮಿನಾರ್ ನೋಡಿ ಬಿರಿಯಾನಿ ತಿಂದು ಬಂದುಬಿಡ್ತಾರ. ಕೊಪ್ಪಳದೋರು ಮಾತ್ರ ಸಾಲಾರ್ ಜಂಗ್ ಮ್ಯೂಸಿಯಂ ಬಿಡಬಾರದು ನೋಡ್ರಿ, ಯಾಕಂದ್ರ ಕೊಪ್ಪಳ ಅನ್ನೋದು ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗ್ ಮನಿತನದ ಜಾಗೀರಾಗಿತ್ತು, ನಮ್ಮ ಮುತ್ತಜ್ಜಾರು ಎರಿ ಹೊಲದಾಗ ಬೆಳೆದದ್ದರ ಕಂದಾಯ ಹೋಗ್ತಿದ್ದದ್ದು ಇವರ ಮನಿಗೇ.

ರಾತ್ರಿ ಬಸ್ಸಿಗೆ ಕಾಕಾನ ಜೋಡಿ ಹೊಂಟು ಬೆಳಿಗ್ಗೆ ಎಂಜಿಬಿಎಸ್ ಬಸ್ ಸ್ಟ್ಯಾಂಡಿನ್ಯಾಗ ಇಳಿದ್ವಿ, ಅಲ್ಲಿಂದ ಮ್ಯೂಸಿಯಂ ಹತ್ರನ ಐತಿ, ಮೂಸಿ ಹೊಳಿ ದಂಡಿಗೆ. ಶುಕ್ರವಾರ ರಜಾ, ನೆನಪಿರ್ಲಿ.

ಮೂರನೇ ಸಾಲಾರ್ ಜಂಗ್ ಅಂದ್ರ ಮೀರ್ ಯೂಸುಫ್ ಅಲಿ ಖಾನ್. 1912ರಾಗ ನಿಜಾಮನ ದಿವಾನ ಆದ, 1914ರಾಗ ಬಿಟ್ಟ, ಆಮ್ಯಾಲೆ ಸಾಯೋತನಕ ದೇಶ ದೇಶದ ಸಾಮಾನು ಕೂಡಿಸೋದೇ ಕೆಲಸ. ಲಗ್ನ ಆಗಿದ್ದಿಲ್ಲ. 1949ರಾಗ ತೀರಿಕೊಂಡ, ಅದೇ ವರ್ಷ ಜಾಗೀರುಗಳೂ ರದ್ದಾದ್ವು. ಅವನ ಅರಮನಿ ದಿವಾನ್ ದೇವ್ಡಿಯೊಳಗನ 1951ರಾಗ ನೆಹರೂ ಮ್ಯೂಸಿಯಂ ಓಪನ್ ಮಾಡಿದ್ರು, ಈಗಿನ ಬಿಲ್ಡಿಂಗಿಗೆ ಬಂದದ್ದು 1968ರಾಗ.

ಒಳಗ ಮುಸುಕಿನ ರೆಬೆಕಾ ಮೂರ್ತಿ ಮುಂದ ಕಾಕಾ ನಿಂತಾಂವ ಅಲುಗಾಡ್ಲಿಲ್ಲ. ಬೆನ್ಜೋನಿ ಅನ್ನೋ ಇಟಲಿಯ ಶಿಲ್ಪಿ ಕಡೆದದ್ದು, ಒಂದನೇ ಸಾಲಾರ್ ಜಂಗ್ 1876ರಾಗ ರೋಮ್‌ನಿಂದ ತಂದದ್ದು, ಮುಖದ ಮ್ಯಾಲಿನ ತೆಳು ಸೆರಗೂ ಅಮೃತಶಿಲೆನ. "ತೋಯಿಸಿದ ಅರಿಬಿ ಹೊಚ್ಚ್ಯಾರೇನೋ ತಮ್ಮಾ" ಅಂದ. ಆಮ್ಯಾಲೆ ಮೆಲ್ಲಕ "1876 ಅಂದ್ರ ನಮ್ಮ ಕಡೆ ದೊಡ್ಡ ಬರ ಬಿದ್ದ ವರ್ಷ ಅಲ್ಲೇನು?" ಅಂತ ಕೇಳಿದ. ಹೌದು, ಅದೇ ವರ್ಷ. ನಾನು ಏನ್ ಹೇಳ್ಲಿ.

ಜೋಡಿ ಮೂರ್ತಿನೂ ನೋಡ್ರಿ, ಒಂದೇ ಕಟ್ಟಿಗಿಯೊಳಗ ಮುಂದ ಸೈತಾನ, ಹಿಂದ ಕನ್ನಡ್ಯಾಗ ತಲಿ ತಗ್ಗಿಸಿದ ಹುಡುಗಿ. ಅಷ್ಟೆಲ್ಲ ಕಟ್ಟಿಗಿ ಕೆಲಸ ತರ್ಸಿದ ಈ ಮನಿತನದೋರಿಗೆ ತಮ್ಮ ಜಾಗೀರಿನ, ಕಟ್ಟಿಗಿ ಗೊಂಬಿ ಮಾಡೋ ಕಿನ್ನಾಳ ಊರಿನ ಚಿತ್ರಗಾರರು ಕಾಣ್ಲಿಲ್ಲೇನೋ, ಸುತ್ತಿ ಸುತ್ತಿ ಕಾಲು ನೋತರೂ ಒಂದು ಕಿನ್ನಾಳ ಗೊಂಬಿ ನಮ್ಮ ಕಣ್ಣಿಗೆ ಬೀಳ್ಲಿಲ್ಲ. ಆದ್ರೂ ಒಂದ್ ಮಾತು, ಇದೆಲ್ಲ ಹರಾಜಾಗಿ ಚೆಲ್ಲಾಪಿಲ್ಲಿ ಆಗೋ ಬದ್ಲು ಟಿಕೆಟ್ ತಗೊಂಡ ಯಾರ್ ಬೇಕಾದ್ರೂ ನೋಡಂಗ ಆಗೇತಿ, ಅದು ಚಲೋ ಆತು.

ಹನ್ನೆರಡಕ್ಕ ಸಂಗೀತ ಗಡಿಯಾರ. ಒಬ್ಬ ಸಣ್ಣ ಗಡ್ಡದಾಂವ ಹೊರಗ ಬಂದು ಗಂಟಿ ಬಾರಿಸಿ ಒಳಗ ಹೋಗ್ತಾನ, ಅಷ್ಟಕ್ಕ ಜಾತ್ರಿ ಜನ, ಎಲ್ಲಾರ ಕೈಯಾಗೂ ಮೊಬೈಲ್.

ಹೊರಗ ಬಂದು ಆ ಹಳೇ ದೇವ್ಡಿ ನೋಡೋಣು ಅಂತ ಹೋದ್ರ ಕಮಾನು ಅಷ್ಟೇ ಉಳದಾವ, ಉಳಿದದ್ದೆಲ್ಲ ಅರಿಬಿ ಅಂಗಡಿ. ಕಾಕಾ ಅಲ್ಲೇ ಒಂದು ಲುಂಗಿಗೆ ಅರ್ಧ ರೇಟ್ ಕೇಳಿ ಅಂಗಡಿಯಾಂವನ ಜೋಡಿ ಉರ್ದುವಿನಾಗ ಚೌಕಾಸಿಗೆ ನಿಂತುಬಿಟ್ಟ.